ಪುರೋಹಿತರ ಬೆರಳು

ಡೋಲು ಬಾರಿಸುವವನಿಗೆ ತುಂಬ ಕಷ್ಟದ್ದು ಯಾವುದು ಎಂದು ಜನ ನನ್ನನ್ನು ಕೇಳುತ್ತಿರುತ್ತಾರೆ. ಮದುವೆ ಮನೆಯಲ್ಲಿ ಮುಂದಿನ ಪಂಕ್ತಿಗೆ ಕಾಯುವವರಿಗೆ ಹೊತ್ತು ಹೋಗಬೇಕಲ್ಲ, ಓಲಗದವರ ಹತ್ತಿರ ಬಂದು ನಿಲ್ಲುತ್ತಾರೆ. ನಾನು ಮುಖ ನೋಡಿ ಉತ್ತರ ಕೊಡುತ್ತೇನೆ. ಕಣ್ಣು ಮುಚ್ಚಿ ತಲೆದೂಗುವ ಹಿರಿಯರಾದರೆ ಮಲ್ಲಾರಿ ಎನ್ನುತ್ತೇನೆ. ದೇವರ ಉತ್ಸವ ಹೊರಡುವಾಗಿನ ವಾದನ ಅದು. ನಾಗಸ್ವರದವರು ಅದನ್ನು ಮೂರು ವೇಗದಲ್ಲಿ ನುಡಿಸುತ್ತಾರೆ. ಡೋಲಿನವನು ಮೂರರಲ್ಲೂ ತಾಳ ತಪ್ಪದೆ ಜೊತೆಗೆ ಹೋಗಬೇಕು, ಅದೂ ಹಲಸಿನ ಮರದ ಭಾರವನ್ನು ಕೊರಳಿಗೆ ನೇತುಹಾಕಿಕೊಂಡು, ನಡೆಯುತ್ತಾ. ಮೊಬೈಲು ಹಿಡಿದು ಬರುವ ಹುಡುಗರಾದರೆ ಸಿನಿಮಾ ಹಾಡು ಎನ್ನುತ್ತೇನೆ. ಅದೂ ಸುಳ್ಳಲ್ಲ. ಕಂಪ್ಯೂಟರಿನಲ್ಲಿ ನಾಲ್ಕಾರು ವಾದ್ಯ ಕಲಸಿ ಮಾಡಿದ ಸದ್ದನ್ನು ನಾನು ಒಂದು ಕೋಲು, ಒಂದು ಅಂಗೈಯಲ್ಲಿ ತೆಗೆಯಬೇಕಂತೆ. ತೆಗೆದರೂ "ಗುರು, ಇನ್ನೂ ಸ್ವಲ್ಪ ಬೀಟ್ ಬರ್ಲಿ" ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಇನ್ನೂ ಜೋರಾಗಿ ಬಡಿಯುತ್ತೇನೆ.

ನಿಧಾನದ ಹಾಡುಗಳೂ ಕಷ್ಟವೇ. ಮಗುವನ್ನು ತೊಟ್ಟಿಲಿಗೆ ಹಾಕುವಾಗ ನುಡಿಸುವ ಜೋಗುಳದಲ್ಲಿ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಬಹಳ ಜಾಗ ಇರುತ್ತದೆ. ಕೈ ಆ ಜಾಗದಲ್ಲಿ ಸುಮ್ಮನಿರುವುದಿಲ್ಲ, ಓಡಲು ನೋಡುತ್ತದೆ. ಕೈಯನ್ನು ತಡೆದು ನಿಲ್ಲಿಸಲು ಕಲಿಯುವಷ್ಟರಲ್ಲಿ ನನ್ನ ಕೂದಲು ನರೆತಿತ್ತು.

ಆದರೆ ನಿಜವಾದ ಉತ್ತರವನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ನಗುತ್ತಾರೆ. ಅತಿ ಕಷ್ಟದ್ದು ಗಟ್ಟಿಮೇಳ.

ಗಟ್ಟಿಮೇಳಕ್ಕೆ ತಾಳವಿಲ್ಲ, ಲೆಕ್ಕವಿಲ್ಲ. ಮಾಂಗಲ್ಯ ಕಟ್ಟುವ ಹೊತ್ತಿಗೆ ಯಾರ ಸೀನೂ, ಯಾರ ಕೆಟ್ಟ ಮಾತೂ, ಯಾರ ಅಳುವೂ ವಧೂವರರ ಕಿವಿಗೆ ಬೀಳಬಾರದು ಎಂದು ನಾಗಸ್ವರವನ್ನೂ ಡೋಲನ್ನೂ ಆದಷ್ಟು ಜೋರಾಗಿ ಒಟ್ಟಿಗೆ ಮೊಳಗಿಸುವುದು, ಅಷ್ಟೆ. ಬಡಿಯಲು ಯಾರಾದರೂ ಬಡಿದಾರು. ಕಷ್ಟ ಇರುವುದು ಶುರುವಿನಲ್ಲಿ. ಮೊದಲೇ ಶುರುವಾದರೆ ಮಂತ್ರ ಮುಳುಗಿಹೋಗುತ್ತದೆ. ತಡವಾದರೆ ಮದುವೆ ಮನೆಯವರು ಜೀವನವಿಡೀ ನೆನಪಿಟ್ಟುಕೊಳ್ಳುತ್ತಾರೆ. ಕೆಲವು ಪುರೋಹಿತರು "ಗಟ್ಟಿಮೇಳ" ಎಂದು ಕೂಗುತ್ತಾರೆ. ನಮ್ಮ ಮನೆಗೂ ನಾವು ನುಡಿಸುವ ಹೆಚ್ಚಿನ ಮದುವೆಗಳಿಗೂ ಬರುವ ಹಿರಿಯ ಪುರೋಹಿತರು ಕೂಗುವವರಲ್ಲ, ತೋರುಬೆರಳು ಎತ್ತುತ್ತಾರೆ. ಬೆರಳೆತ್ತಿದ ಕ್ಷಣವೇ ಡೋಲಿನ ಮೊದಲ ಪೆಟ್ಟು ಬೀಳಬೇಕು, ಅದನ್ನು ಕೇಳಿ ನಾಗಸ್ವರ ಏಳಬೇಕು. ಈಗಂತೂ ಆ ಬೆರಳಿಗೂ ನನಗೂ ನಡುವೆ ಯಾವಾಗಲೂ ವಿಡಿಯೋದವನ ಬೆನ್ನು.

ನಮ್ಮದು ಚಾಮರಾಜಪೇಟೆ. ಅಣ್ಣ ನಾಗಸ್ವರ, ನಾನು ಡೋಲು. ಮಗಳು ಚಿಕ್ಕವಳಿದ್ದಾಗ ಶಾಲೆಗೆ ರಜೆಯಿದ್ದ ಮುಹೂರ್ತದ ದಿನಗಳಲ್ಲಿ ನಮ್ಮ ಜೊತೆ ಛತ್ರಕ್ಕೆ ಬರುತ್ತಿದ್ದಳು. ಹೋಳಿಗೆ ಊಟದ ಆಸೆ. ನನ್ನ ಬಲಕ್ಕೆ ಜಮಖಾನದ ಮೇಲೆ ಕೂತು ಪುರೋಹಿತರ ಬೆರಳು ಕಾಯುವುದು ಅವಳು ತಾನೇ ವಹಿಸಿಕೊಂಡ ಕೆಲಸ. ಬೆರಳು ಎದ್ದ ತಕ್ಷಣ "ಅಪ್ಪಾ, ಬಾರ್ಸು!" ಎಂದು ಹೇಳಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನನಗೂ ಬೆರಳು ಕಂಡಿರುತ್ತಿತ್ತು. ಆದರೂ ಅವಳು ಹೇಳುವ ತನಕ ತಡೆದಿರುತ್ತಿದ್ದೆ. ಅಣ್ಣ ಗೊಣಗುತ್ತಿದ್ದ.

ಆಮೇಲೆ ಅವಳು ದೊಡ್ಡವಳಾದಳು, ಓದಿದಳು, ಶಾಲೆಯೊಂದರಲ್ಲಿ ಟೀಚರ್ ಆದಳು. ಅವಳ ಅಮ್ಮನಿಗೆ ಸಕ್ಕರೆ ಕಾಯಿಲೆ ಬಂತು, ಕಿಡ್ನಿಗೆ ಇಳಿಯಿತು, ಒಂದು ದಿನ ಬೆಳಗ್ಗೆ ಹೋಗಿಬಿಟ್ಟಳು. ಅಂದು ನಾನು ಅಳಲಿಲ್ಲ. ಆಮೇಲೂ ಅಳಲಿಲ್ಲ. ತಡೆದುಕೊಂಡಿದ್ದೆ ಎಂದೇನಲ್ಲ, ಒಳಗೆ ಏನೂ ಇರಲೇ ಇಲ್ಲ. ಅನ್ನದ ರುಚಿ ಗೊತ್ತಾಗುತ್ತಿತ್ತು, ಬಸ್ಸಿನ ನಂಬರು ಗೊತ್ತಾಗುತ್ತಿತ್ತು. ಸೂತಕ ಕಳೆದ ಮೇಲೆ ಮುಹೂರ್ತಗಳಿಗೆ ಹೋದೆ. ಯಾರದೋ ಮದುವೆಯಲ್ಲಿ ಬೆರಳು ಏಳುತ್ತಿತ್ತು, ನನ್ನ ಕೈ ಏಳುತ್ತಿತ್ತು. ಡೋಲಿನವರು ಬಲಗೈ ಬೆರಳುಗಳಿಗೆ ಗಟ್ಟಿ ಟೊಪ್ಪಿ ತೊಡುತ್ತೇವೆ, ಬಟ್ಟೆಗೆ ಅಂಟು ಹಚ್ಚಿ ಸುತ್ತಿ ಒಣಗಿಸಿದ್ದು. ಅದನ್ನು ತೊಟ್ಟರೆ ಚರ್ಮದ ಮೇಲೆ ಎಷ್ಟೇ ಹೊಡೆದರೂ ಬೆರಳಿಗೆ ತಾಗುವುದಿಲ್ಲ. ಆಗ ನನಗೆ ಮೈಯಿಡೀ ಹಾಗೇ ಇತ್ತು.

ಅತ್ತಿಗೆ "ಕಲ್ಲು ಕಣೋ ನೀನು" ಎಂದರು. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದ ಮಗಳು ತಲೆಯೆತ್ತಿ ಕೇಳಿದಳು.

"ನಿಂಗೇನೂ ಅನ್ಸಲ್ವಾ ಅಪ್ಪ?"

ಯೋಚಿಸಿ ನೋಡಿದೆ. "ಇಲ್ಲ ಕಣಮ್ಮ" ಎಂದೆ. ಅವಳು ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ನಮ್ಮ ನಡುವೆ ಕಾಫಿ, ಕರೆಂಟು, ಗ್ಯಾಸ್ ಸಿಲಿಂಡರಿನ ಮಾತು ಮಾತ್ರ ಉಳಿಯಿತು.

ಅವಳಿಗೆ ಮಲ್ಲೇಶ್ವರದ ಹುಡುಗನ ಜೊತೆ ಮದುವೆ ಗೊತ್ತಾಯಿತು. ಕಾರ್ಡು ಮಾಡಿಸಲು ಅಣ್ಣ, ಅತ್ತಿಗೆ, ನಾನು ಸುಲ್ತಾನ್‌ಪೇಟೆಗೆ ಹೋದೆವು. ಅಂಗಡಿಯವನು ಕರೆಯುವವರ ಹೆಸರು ಕೇಳಿದ. ಲಗ್ನಪತ್ರಿಕೆಯಲ್ಲಿ "ಶ್ರೀಮತಿ ಮತ್ತು ಶ್ರೀ" ಎಂದೇ ಶುರುವಾಗಬೇಕಲ್ಲ. ನಾನು ನನ್ನ ಹೆಸರು ಹೇಳಿ ನಿಲ್ಲಿಸಿದೆ. ಅವನು ಪೆನ್ನು ಹಿಡಿದು ಇನ್ನೊಂದು ಹೆಸರಿಗೆ ಕಾದ. ಅಣ್ಣ ಮೆಲ್ಲಗೆ, "ನನ್ನ ಹೆಸರು, ಇವಳ ಹೆಸರು ಮೇಲೆ ಹಾಕಿ. ಧಾರೆ ಎರೆಯೋರು ನಾವೇ" ಎಂದ. ನಮ್ಮಲ್ಲಿ ಜೋಡಿ ಇಲ್ಲದವನು ಮಗಳನ್ನು ಧಾರೆ ಎರೆದುಕೊಡುವಂತಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಎಷ್ಟೋ ಮದುವೆಗಳಲ್ಲಿ ಚಿಕ್ಕಪ್ಪಂದಿರೂ ಮಾವಂದಿರೂ ಹಾಗೆ ಕೂತಿದ್ದನ್ನು ಡೋಲಿನ ಹಿಂದಿನಿಂದ ನೋಡಿದ್ದೇನೆ. ಆಗೆಲ್ಲ ಹುಡುಗಿಯ ಅಪ್ಪ ಎಲ್ಲಿ ನಿಂತಿರುತ್ತಾನೆ ಎಂದು ಮಾತ್ರ ನೋಡಿರಲಿಲ್ಲ.

ಅಂಗಡಿಯಿಂದ ಹೊರಬಂದು ಅಣ್ಣನಿಗೆ ಹೇಳಿದೆ. "ನೀನು ಮಂಟಪದಲ್ಲಿ ಕೂತ್ರೆ ನಾಗಸ್ವರಕ್ಕೆ ಬೇರೆಯವ್ರನ್ನ ಕರಿಸು. ಡೋಲು ನಾನೇ ಬಾರಿಸ್ತೀನಿ."

"ತಲೆ ಕೆಟ್ಟಿದ್ಯೇನೋ? ಹುಡುಗಿ ಅಪ್ಪ ಓಲಗದಲ್ಲಿ ಕೂತ್ರೆ ಬೀಗರು ಏನಂದ್ಕೋತಾರೆ?"

"ಮಂಟಪದಲ್ಲಿ ಕೂರೋ ಹಾಗಿಲ್ಲ. ಇನ್ನೆಲ್ಲಿ ಕೂರ್ಲಿ, ಊಟದ ಮನೇಲಾ?"

ಮಗಳಿಗೆ ವಿಷಯ ತಿಳಿದಾಗ ಅವಳು "ಹೂಂ, ಸರಿ" ಎಂದಳು. ನನಗೆ ಆ ಡೋಲಿನ ಜಾಗ ಬೇಕಾಗಿತ್ತು. ಅವಳ ಮದುವೆಯಲ್ಲಿ ನಾನು ಮಾಡಬಹುದಾದದ್ದು ಅದೊಂದೇ ಉಳಿದಿತ್ತು. ಅದನ್ನಾದರೂ ಸರಿಯಾಗಿ ಮಾಡಬೇಕಿತ್ತು.

ಮದುವೆ ಬಸವನಗುಡಿಯಲ್ಲಿ, ಗವಿಪುರಂ ಕಡೆಗೆ ತಿರುಗುವ ರಸ್ತೆಯ ಒಂದು ಛತ್ರದಲ್ಲಿ. ಬೆಳಗಿನ ಮುಹೂರ್ತ. ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಬೀಗರನ್ನು ಬಾಗಿಲಲ್ಲಿ ಎದುರುಗೊಂಡು, ಆಮೇಲೆ ನನ್ನ ಮೂಲೆಗೆ ಹೋಗಿ ಕೂತೆ. ಬೆರಳಿಗೆ ಟೊಪ್ಪಿ ತೊಟ್ಟೆ. ನಾಗಸ್ವರಕ್ಕೆ ಬಂದಿದ್ದವರು ಒಳ್ಳೆಯ ಕೈ, ಆದರೆ ನನಗೆ ಹೊಸಬರು. "ನಿಮ್ಮ ಪೆಟ್ಟು ನೋಡ್ಕೊಂಡು ಹಿಡೀತೀನಿ ಯಜಮಾನ್ರೇ" ಎಂದಿದ್ದರು.

ಅಣ್ಣ ಅತ್ತಿಗೆ ಧಾರೆ ಎರೆದರು. ತೆಂಗಿನಕಾಯಿ ಹಿಡಿದ ಕೈಗಳ ಮೇಲೆ ಹಾಲು ಬಿತ್ತು. ಅತ್ತಿಗೆ ಅತ್ತರು, ಅಣ್ಣನೂ ಅತ್ತ, ಬೀಗಿತ್ತಿಯೂ ಕಣ್ಣೊರೆಸಿಕೊಂಡರು. ಅಣ್ಣ ಪಂಚೆಯನ್ನು ಬಹಳ ಮೇಲೆ ಕಟ್ಟಿದ್ದಾನೆ ಎಂದು ನನಗೆ ಅನ್ನಿಸಿತು. ಮಾಂಗಲ್ಯದ ತಟ್ಟೆ ಹಿರಿಯರ ಕೈ ಮುಟ್ಟಿಸಿಕೊಂಡು ಸುತ್ತಿ ಬಂತು. ನನ್ನ ಮುಂದೆಯೂ ಹಿಡಿದರು. ಟೊಪ್ಪಿ ತೆಗೆಯಲು ಹೊತ್ತಿರಲಿಲ್ಲ, ಹಾಗೆಯೇ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಚಿನ್ನವೋ ಅರಿಶಿನದ ದಾರವೋ ಬೆರಳಿಗೆ ಏನೂ ತಿಳಿಯಲಿಲ್ಲ.

ವಿಡಿಯೋದವನಿಗೆ ಮೊದಲೇ ಹೇಳಿದ್ದೆ, ಅವನು ಪಕ್ಕಕ್ಕೆ ಸರಿದು ನಿಂತಿದ್ದ. ಪುರೋಹಿತರು ಸ್ಪಷ್ಟವಾಗಿ ಕಾಣುತ್ತಿದ್ದರು. ಹುಡುಗ ಮಾಂಗಲ್ಯ ಕೈಗೆ ತೆಗೆದುಕೊಂಡ. ಜನ ಅಕ್ಷತೆ ಹಿಡಿದು ಎದ್ದು ನಿಂತರು. ಪುರೋಹಿತರ ಬೆರಳು ಎದ್ದಿತು.

ನನ್ನ ಕೈ ಏಳಲಿಲ್ಲ.

ಬೆರಳು ಕಂಡಿತ್ತು. ಕೋಲು ಎಡಗೈಯಲ್ಲಿತ್ತು. ಬಾರಿಸಬೇಕು ಎಂದು ಗೊತ್ತಿತ್ತು. ಕೈ ಮಾತ್ರ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ನಾಗಸ್ವರದವರು ನನ್ನ ಪೆಟ್ಟಿಗೆ ಕಾಯುತ್ತಾ ವಾದ್ಯ ತುಟಿಗಿಟ್ಟುಕೊಂಡೇ ನನ್ನ ಕಡೆ ತಿರುಗಿದರು. ಅಷ್ಟು ದೊಡ್ಡ ಛತ್ರ ಅಷ್ಟು ಸುಮ್ಮನಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಯಾರೋ ಸೌಟು ಇಟ್ಟ ಸದ್ದು ಬಂತು. ಹುಡುಗ ದಾರ ಹಿಡಿದು ಪುರೋಹಿತರ ಮುಖ ನೋಡಿದ. ಪುರೋಹಿತರು ಬೆರಳು ಇಳಿಸದೆ ನನ್ನನ್ನೇ ನೋಡುತ್ತಿದ್ದರು.

ತಲೆ ತಗ್ಗಿಸಿ ಕೂತಿದ್ದ ಮಗಳು ತಲೆಯೆತ್ತಿದಳು. ಬಾಸಿಂಗದ ಕೆಳಗಿನಿಂದ ನನ್ನ ಮೂಲೆಯನ್ನು ಹುಡುಕಿ ನೋಡಿದಳು.

"ಅಪ್ಪಾ, ಬಾರ್ಸು."

ಜೋರಾಗಿ ಹೇಳಲಿಲ್ಲ. ಆದರೂ ಛತ್ರಕ್ಕೆಲ್ಲ ಕೇಳಿಸಿತು.

ಬಾರಿಸಿದೆ. ನಾಗಸ್ವರ ಎದ್ದಿತು, ಅಕ್ಷತೆ ಬಿತ್ತು. ನನಗೆ ಅಳು ಬಂತು. ಸುಮ್ಮನೆ ಕಣ್ಣೀರು ಇಳಿಯುವ ಅಳುವಲ್ಲ, ಬಾಯಿ ಬಿಟ್ಟು, ಎದೆ ಎತ್ತಿಹಾಕುವಂಥ ಅಳು. ಹೆಂಡತಿಗಾಗಿ ಅಳಬೇಕಾಗಿದ್ದದ್ದು, ಮಗಳಿಗಾಗಿ ಅಳಬೇಕಾಗಿದ್ದದ್ದು ಎಲ್ಲ ಒಟ್ಟಿಗೆ ಬಂತು. ಎಷ್ಟು ಜೋರಾಗಿ ಅತ್ತೆನೋ ನನಗೂ ಗೊತ್ತಿಲ್ಲ, ಡೋಲಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಬೇರೆಯವರ ಮಕ್ಕಳ ಮದುವೆಯಲ್ಲಿ ಯಾರ ಯಾರ ಅಳುವನ್ನೆಲ್ಲ ನಾನು ಮುಚ್ಚಿದ್ದೆನೋ. ಮೂರು ಗಂಟು ಮುಗಿದು ಪುರೋಹಿತರ ಬೆರಳು ಇಳಿದದ್ದು ಕಂಡಿತು. ನಾನು ನಿಲ್ಲಿಸಲಿಲ್ಲ. ನಾಗಸ್ವರದವರು ಪಾಪ, ಉಸಿರು ಹಿಡಿದು ನನ್ನ ಜೊತೆಗೇ ಇದ್ದರು.

ಊಟಕ್ಕೆ ಮುಂಚೆ ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಪುರೋಹಿತರ ಹತ್ತಿರ ಬಂದರು. ನಾನು ಅಲ್ಲೇ ದಕ್ಷಿಣೆಯ ತಟ್ಟೆ ಹಿಡಿದು ನಿಂತಿದ್ದೆ.

"ಮಾಂಗಲ್ಯ ಕಟ್ಟೋ ಹೊತ್ನಲ್ಲಿ ಹುಡುಗಿ ಮಾತಾಡಿದ್ದು ಎಲ್ಲರಿಗೂ ಕೇಳಿಸ್ತು ಸ್ವಾಮಿ. ಏನಾದ್ರೂ ಶಾಂತಿ ಮಾಡಿಸ್ಬೇಕಾ?"

ಪುರೋಹಿತರು ಶಲ್ಯದಲ್ಲಿ ಮುಖ ಒರೆಸಿಕೊಂಡರು. "ಅಪಶಬ್ದ ಕೇಳ್ಬಾರ್ದು ಅಂತ ಗಟ್ಟಿಮೇಳ ಮಾಡಿಸೋದು ತಾಯಿ. ಅಪ್ಪನ್ನ ಕರೆಯೋದು ಅಪಶಬ್ದವೇನು?"

ಈಗ ಮಗಳು ಮಲ್ಲೇಶ್ವರದಲ್ಲಿದ್ದಾಳೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿದರೆ ಅವಳ ಮನೆ, ದೂರವೇನಲ್ಲ. ಹೋದರೆ ಕಾಫಿ ಕೊಡುತ್ತಾಳೆ, ಅವಳ ಅಮ್ಮನ ಮಾತೂ ಬರುತ್ತದೆ. ಉಳಿದ ಹೊತ್ತಿನಲ್ಲಿ ನನಗೆ ಮೊದಲಿನ ಹಾಗೆಯೇ ಮರಗಟ್ಟಿದಂತೆ ಇರುತ್ತದೆ. ಒಮ್ಮೆ ಅತ್ತುಬಿಟ್ಟರೆ ಎಲ್ಲ ಹಗುರಾಗುತ್ತದೆ ಎನ್ನುವವರು ಸುಳ್ಳು ಹೇಳುತ್ತಾರೆ.

ಅಣ್ಣನೂ ನಾನೂ ಮುಹೂರ್ತಗಳಿಗೆ ಹೋಗುತ್ತಲೇ ಇದ್ದೇವೆ. ಬೆರಳು ಏಳುತ್ತದೆ, ನನಗೆ ಕಾಣುತ್ತದೆ. ಆದರೂ ಒಂದು ಕ್ಷಣ ಬಲಕ್ಕೆ ಜಮಖಾನದ ಕಡೆ ತಿರುಗಿ ಕಾಯುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ಅಣ್ಣ ಮೊಣಕಾಲಿನಿಂದ ತಿವಿಯುತ್ತಾನೆ, ನಾನು ಬಾರಿಸುತ್ತೇನೆ.