ನೀರು ಬೀಳುವ ಜಾಗ

ನಾನು ಚಿಕ್ಕವಳಿದ್ದಾಗ ಕುಳ್ಳಿಯೂ ಹೌದು, ಹಟಮಾರಿಯೂ ಹೌದು. ಕಂಪ್ಲಿಯ ಹತ್ತಿರ ನಮ್ಮ ಭತ್ತದ ಗದ್ದೆ. ಕರೆಂಟು ಬಂದಾಗ ಪಂಪ್‌ಸೆಟ್ಟಿನ ಪೈಪಿನಿಂದ ನೀರು ನೆಟ್ಟಗೆ ಮುಂದಕ್ಕೆ ಚಿಮ್ಮಿ, ಬಾಗಿ, ಕೆಸರಿನ ವಾಸನೆ ಎಬ್ಬಿಸುತ್ತಾ ನೆಲಕ್ಕೆ ಬೀಳುತ್ತಿತ್ತು.

ಅಲ್ಲಿ ನೆಲ ಅಗೆಸಿ ತೊಟ್ಟಿ ಕಟ್ಟಿಸಲು ಅಪ್ಪ ಹೊರಟರು. ನೀರು ಬೀಳುವ ಕಡೆ ಹಾಸುಬಂಡೆ ಇರಬೇಕು, ಇಲ್ಲದಿದ್ದರೆ ತೊಟ್ಟಿಯ ತಳವೇ ಕೊರೆದು ಹೋಗುತ್ತದೆ. ಕಲ್ಲು ಕಟ್ಟುವ ಗೌಂಡಿ ಬೆಳಿಗ್ಗೆಯೇ ಬಂಡೆ ಕೂರಿಸುವವನು, ಕರೆಂಟು ಬರುವುದು ಮಧ್ಯಾಹ್ನ. ಆಳ ಹೆಚ್ಚಿದರೆ ನೀರು ಇನ್ನೂ ದೂರ ಬೀಳುತ್ತದೆ. ಎಷ್ಟು ದೂರ?

"ಏನವ್ವ, ಸಾಲ್ಯಾಗ ಕಲ್ತಿದ್ದು ಇಲ್ಲಿ ಬರ್ತೈತೇನು?" ಎಂದರು ಅಪ್ಪ. ಅವರು ನನ್ನನ್ನು ಲೆಕ್ಕ ಕೇಳಿದ್ದು ಅದೇ ಮೊದಲು. ನಾನು ಹಿಗ್ಗಿ ಹೀರೇಕಾಯಿಯಾದೆ.

ಬಾಗಿ ಬೀಳುವ ನೀರಿಗೆ ಒಂದು ಗುಟ್ಟಿನ ಸಂಖ್ಯೆ ಇದೆ. ದೂರದ ವರ್ಗವನ್ನು ಆ ಸಂಖ್ಯೆಯಿಂದ ಗುಣಿಸಿದರೆ ನೀರು ಎಷ್ಟು ಇಳಿಯಿತೆಂದು ಸಿಗುತ್ತದೆ. ಹಿಂದಿನ ದಿನ ನೀರು ಬಿದ್ದ ಗುಂಡಿ ಹಸಿಯಾಗಿಯೇ ಇತ್ತು. ಪೈಪಿನ ಬಾಯಿಯಿಂದ ನೆಲಕ್ಕೆ ಅಪ್ಪ ಅಳೆದರು, ಒಂದು ಮೊಳ. ಪೈಪಿನ ಬುಡದಿಂದ ಗುಂಡಿಯವರೆಗೆ ನಾನು ಅಳೆದೆ, ಮೂರು ಮೊಳ. ಮೂರರ ವರ್ಗ ಒಂಬತ್ತು; ಒಂದನ್ನು ಒಂಬತ್ತರಿಂದ ಭಾಗಿಸಿದೆ, ಗುಟ್ಟಿನ ಸಂಖ್ಯೆ ಸಿಕ್ಕಿತು. ತೊಟ್ಟಿಯ ತಳ ಪೈಪಿನಿಂದ ನಾಲ್ಕು ಮೊಳ ಕೆಳಗೆ, ಅಂದರೆ ನೀರು ಆರು ಮೊಳ ದೂರ ಬೀಳಬೇಕು.

ಅಪ್ಪ ಆರು ಮೊಳ ಅಳೆಯುತ್ತಾ ಹೋಗಿ, ತೊಟ್ಟಿಯ ಜಾಗ ದಾಟಿ ಸಸಿಮಡಿಯೊಳಗೇ ಕಾಲಿಟ್ಟರು. ಬದುವಿನ ಮೇಲೆ ನಿಂತಿದ್ದ ನನ್ನ ಅಕ್ಕ ಬಿದ್ದು ಬಿದ್ದು ನಕ್ಕಳು. "ನೋಡಪಾ, ಇಕಿ ನೀರಿಗೆ ರೆಕ್ಕಿ ಹಚ್ಯಾಳ."

"ಹೋಗ್ಲಿ ಬಿಡ್ರಿ, ನಾ ಅಂದಾಜಿನ ಮ್ಯಾಲ ಕೂಡಸ್ತೀನಿ," ಎನ್ನುತ್ತಾ ಗೌಂಡಿ ಬಂಡೆಗೆ ಹಾರೆ ಹಾಕಿದ. ನನಗೆ ಅಳುವೇ ಬಂತು. ಆದರೂ ಹೋಗಿ ಬಂಡೆಯ ಮೇಲೆ ಕುಳಿತುಬಿಟ್ಟೆ. "ಲೆಕ್ಕ ಮುಗಿಯೋಮಟ ನಾ ಏಳಂಗಿಲ್ಲ."

ಅಪ್ಪ ನನ್ನನ್ನು ಎಬ್ಬಿಸಲು ಕೈ ಚಾಚಿದರು. ಎಂಥ ಉದ್ದದ ಕೈ! ಅದರ ಪಕ್ಕಕ್ಕೆ ನನ್ನ ಕೈ ಇಟ್ಟು ನೋಡಿದೆ. ನನ್ನ ಮೂರು ಮೊಳ ಅವರಿಗೆ ಎರಡೇ ಮೊಳ. ತಪ್ಪಿದ್ದು ಲೆಕ್ಕವಲ್ಲ, ಅಳತೆ. ಅಪ್ಪನ ಮೊಳದಷ್ಟೇ ಉದ್ದದ ಕೋಲು ಮುರಿದು ಎಲ್ಲವನ್ನೂ ಅದರಿಂದಲೇ ಅಳೆದೆ. ಇಳಿತ ಒಂದು, ದೂರ ಎರಡು, ಗುಟ್ಟಿನ ಸಂಖ್ಯೆ ಕಾಲು. ನಾಲ್ಕು ಮೊಳ ಇಳಿಯುವಾಗ ದೂರವೂ ನಾಲ್ಕು. ಅಲ್ಲಿ ಗೂಟ ಹೊಡೆದೆ. ಆಳುಗಳು ನೆಲ ಅಗೆದರು, ಗೌಂಡಿ ಗೂಟದ ನೇರಕ್ಕೇ ತಳದಲ್ಲಿ ಬಂಡೆ ಕೂರಿಸಿದ.

ಮಧ್ಯಾಹ್ನ ಕರೆಂಟು ಬಂತು. ನೀರು ಹಾರಿ, ಬಾಗಿ, ಬಂಡೆಯ ನಡುಮಧ್ಯಕ್ಕೇ ಬಿತ್ತು. ಅಪ್ಪ ಒದ್ದೆ ಕೈಯಿಂದ ನನ್ನ ತಲೆ ಸವರಿದರು.

ಮಕ್ಕಳೇ, ನಿಮಗೆ ಟೇಪು ಇದೆ, ಬಾಗಿದ ಗೆರೆಯನ್ನು ಕ್ಷಣದಲ್ಲಿ ಬರೆದು ತೋರಿಸುವ ಫೋನಿದೆ. ನನಗೆ ನಿಜಕ್ಕೂ ಸಂತೋಷ. ಆದರೆ ನಿನ್ನೆ ಉತ್ತರ ತಪ್ಪಿತೆಂದು ಪುಸ್ತಕ ಮುಚ್ಚಿ ಎದ್ದು ಹೋದಿರಲ್ಲ, ಅದನ್ನು ಮಾತ್ರ ಈ ಅಜ್ಜಿ ಒಪ್ಪುವುದಿಲ್ಲ. ಬರ್ರಿ, ಕುಂದ್ರಿ, ತೆಗೀರಿ ಪುಸ್ತಕ.