ಬಡಗಿ ಅಧ್ಯಕ್ಷರೂ ಅವಸರದ ಆಮೆನ್ನೂ

ಕ್ರೈಸ್ತ ಶಾಲೆಯ ಆಡಳಿತ ಮಂಡಳಿಗೆ ಬಡಗಿಯೊಬ್ಬ ಅಧ್ಯಕ್ಷನಾದದ್ದು ಹೇಗೆಂದು ಯಾರಾದರೂ ಕೇಳಿದರೆ, ಮೊದಲು ನಗುತ್ತಿದ್ದವರು ಆ ಅಧ್ಯಕ್ಷರೇ.

"ಕುರ್ಚಿ ಮಾಡೋಕೆ ಕರೆದ್ರು, ಮಾಡ್ದೆ. ಗಟ್ಟಿ ಇದೆಯಾ ಅಂತ ಕೂತು ನೋಡ್ದೆ. ಆಮೇಲೆ ಏಳಪ್ಪ ಅಂತ ಯಾರೂ ಅನ್ನಲಿಲ್ಲ!"

ಇದರಲ್ಲಿ ಅರ್ಧ ನಿಜ. ಶಾಲೆ ಹುಟ್ಟಿದ್ದು ಚರ್ಚಿನ ಹಿಂದಿನ ಪಡಸಾಲೆಯಲ್ಲಿ. ಮಕ್ಕಳು ತಣ್ಣನೆಯ ನೆಲದ ಮೇಲೆ ಕೂತು, ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಚರ್ಚಿನ ಬಾಗಿಲು ರಿಪೇರಿಗೆ ಬಂದಿದ್ದ ಹರೆಯದ ಬಡಗಿ ಅದನ್ನು ನೋಡಲಾರದೆ, ಮಿಕ್ಕ ಹಲಗೆಗಳನ್ನೆಲ್ಲ ಕೂಡಿಸಿ ಬೆಂಚು ಮಾಡಿಕೊಟ್ಟ. ಮೊದಲನೆಯ ಬೆಂಚು ಕುಂಟು. ಇವತ್ತಿಗೂ ಅದರ ಒಂದು ಕಾಲಿಗೆ ಬೆಣೆ ಬೇಕು. ಮಕ್ಕಳು ಅದಕ್ಕೆ ತೊಟ್ಟಿಲು ಬೆಂಚು ಎಂದೇ ಹೆಸರಿಟ್ಟಿದ್ದಾರೆ. ಪಡಸಾಲೆ ಹೋಗಿ ಕಟ್ಟಡ ಬಂತು, ಕಟ್ಟಡದ ಮೇಲೆ ಮಹಡಿ ಎದ್ದಿತು. ಬಡಗಿಯೂ 'ಅವನು' ಹೋಗಿ 'ಅವರು' ಆದರು. ಬೆಂಚು ಮಾತ್ರ ಕುಂಟುತ್ತಲೇ ಉಳಿಯಿತು. "ನಾನು ದೊಡ್ಡವನಾದೆ ಅಂತ ಉಬ್ಬಿದಾಗೆಲ್ಲ ಅದರ ಮೇಲೆ ಹೋಗಿ ಕೂತ್ಕೋತೀನಿ. ಸರಿಯಾಗಿ ಅಲ್ಲಾಡಿಸುತ್ತೆ" ಎನ್ನುತ್ತಿದ್ದರು.

ಅವರು ಶಾಲೆಯ ಮೆಟ್ಟಿಲು ಹತ್ತಿ ಕಲಿತವರಲ್ಲ. ಮರ ನಯ ಮಾಡುವ ಉಜ್ಜುಗೊರಡಿನ ಪಕ್ಕ ಬೈಬಲ್ ಇಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದು ಕಲಿತವರು. ಹಾಗೆ ಕಲಿತವರಿಗೆ ಕಲಿತದ್ದನ್ನೆಲ್ಲ ಹೇಳಿಬಿಡುವ ಚಪಲ. ಪ್ರತಿ ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತರೆ, ಅಧ್ಯಕ್ಷರು ತಾವೇ ಮಾಡಿದ ಸ್ಟೂಲು ಹತ್ತಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡುತ್ತಿದ್ದರು. ಆದಾಮನಿಂದ ಹೊರಟು ನೋಹನ ನಾವೆಯವರೆಗೆ ಹೇಗೋ ಬರುತ್ತಿದ್ದರು. ನಾವೆ ಸಿಕ್ಕಿತೆಂದರೆ ಮುಗಿಯಿತು! ಮರ ಯಾವುದು, ಹಲಗೆಗೆ ಹಲಗೆ ಹೇಗೆ ಕೂಡಿಸಿರಬಹುದು, ಎಲ್ಲವನ್ನೂ ದೇವರಿಗೇ ವಿವರಿಸುತ್ತಿದ್ದರು. ಅಷ್ಟರಲ್ಲಿ ಮೊದಲ ಪಿರಿಯಡ್ಡು ಪ್ರಳಯದಲ್ಲಿ ಕೊಚ್ಚಿಹೋಗಿರುತ್ತಿತ್ತು.

"ಯೇಸುಸ್ವಾಮಿನೂ ನಮ್ಮ ಕಸುಬಿನವರೇ ಕಣೇ" ಎಂದು ಮನೆಯಲ್ಲಿ ಎದೆಯುಬ್ಬಿಸಿದರೆ, ಹೆಂಡತಿ ಬಟ್ಟೆ ಮಡಿಸುತ್ತಲೇ ಅನ್ನುತ್ತಿದ್ದರು:

"ಆ ಸ್ವಾಮಿ ಕಲಿಸಿದ ಪ್ರಾರ್ಥನೆ ಒಂದೇ ಉಸಿರಿಗೆ ಮುಗಿಯುತ್ತೆ. ಅವರಿಗಿಂತ ನಿಮಗೇ ಜಾಸ್ತಿ ಗೊತ್ತೇನು?"

ಅಂಥ ಹೊತ್ತಿಗೆ ಹೆಡ್‌ಮಿಸ್ ಶಾಲೆ ಬಿಡುತ್ತಾರಂತೆ ಎಂಬ ಸುದ್ದಿ ಬಂತು. ಆಕೆ ಬೇರೆ ಯಾರೂ ಅಲ್ಲ, ತೊಟ್ಟಿಲು ಬೆಂಚಿನ ಮೇಲೆಯೇ ತೂಗಿಕೊಂಡು ಓದಿದ ಹುಡುಗಿ. ಮುಚ್ಚುವ ಹಂತಕ್ಕೆ ಬಂದಿದ್ದ ಮೇಲಿನ ತರಗತಿಗಳನ್ನು ಎತ್ತಿ ನಿಲ್ಲಿಸಿದವಳು. ಪಾದ್ರಿಗಳು ಕಂಗಾಲಾಗಿ ಬಡಗಿಯ ಅಂಗಡಿಗೇ ಬಂದರು.

"ಆಕೆ ಹೋದ್ರೆ ಆ ತರಗತಿಗಳೂ ಹೋದ ಹಾಗೇ. ನೀವೇ ಮಾತಾಡಿ, ಅಧ್ಯಕ್ಷರೇ."

"ಮಾತು ತಾನೇ, ಅಯ್ಯನೋರೇ? ಅದಕ್ಕೇನು ಬರ ನನ್ನ ಹತ್ರ?"

ಪಾದ್ರಿಗಳು ಏನೋ ಹೇಳಹೊರಟು, ಕೆಮ್ಮಿ ಎದ್ದು ಹೊರಟರು.

ಅಧ್ಯಕ್ಷರು ಆಫೀಸು ಕೋಣೆಗೆ ಹೋದರು. "ಯಾಕಮ್ಮ ಬಿಡ್ತೀಯಾ? ನಾವೇನು ಕಡಿಮೆ ಮಾಡಿದ್ವಿ?"

"ಕಡಿಮೆ ಏನೂ ಮಾಡಿಲ್ಲ ಅಂಕಲ್" ಎಂದರು ಹೆಡ್‌ಮಿಸ್. "ಇನ್ನೊಂದು ಶಾಲೆಯವರು ಕರೆದಿದ್ದಾರೆ. ಅಲ್ಲಿ ಪಾಠ ಮಾಡೋಕೆ ಟೈಮ್ ಸಿಗುತ್ತಂತೆ."

"ಇಲ್ಲಿ ಸಿಗಲ್ವಾ?"

ಆಕೆ ಗೋಡೆಯ ಗಡಿಯಾರ ನೋಡಿದರು. ಅಧ್ಯಕ್ಷರೂ ನೋಡಿದರು. ಓಹೋ, ಗಡಿಯಾರ ಹಿಂದೆ ಬಿದ್ದಿದೆ ಎಂದುಕೊಂಡು, ಮೇಜು ಹತ್ತಿ, ಅದನ್ನು ಇಳಿಸಿ, ಸೆಲ್ಲು ಬದಲಾಯಿಸಿ, ಮುಳ್ಳು ಸರಿಮಾಡಿ, ಗೆದ್ದ ಮುಖದಲ್ಲಿ ಮನೆಗೆ ಬಂದರು. ಬುದ್ಧಿ ಇದ್ದವನಿಗೆ ಕಣ್ಸನ್ನೆ ಸಾಕು; ಇವರಿಗೆ ಸ್ಕ್ರೂಡ್ರೈವರ್ ಬೇಕಾಯಿತು.

ಗಡಿಯಾರ ಸರಿಹೋದರೂ ಹೆಡ್‌ಮಿಸ್ ಮನಸ್ಸು ಬದಲಾಗಲಿಲ್ಲ. ಮುಖಾಮುಖಿ ಹೇಳಿದರೆ ನಾಟದ್ದು ಪ್ರಾರ್ಥನೆಯಲ್ಲಿ ಹೇಳಿದರೆ ನಾಟೀತು ಎಂಬುದು ಅವರ ಮುಂದಿನ ಉಪಾಯ. ಮಗಳನ್ನು ಬೈದು ಸೊಸೆಗೆ ಮುಟ್ಟಿಸುವ ಹಾಗೆ, ದೇವರಿಗೆ ಹೇಳಿ ಹೆಡ್‌ಮಿಸ್‌ಗೆ ಕೇಳಿಸುವುದು. ಸೋಮವಾರ ಸ್ಟೂಲು ಹತ್ತಿದವರು ನೋಹನನ್ನೂ ಬಿಟ್ಟು ನೇರವಾಗಿ ವಿಷಯಕ್ಕೆ ಬಂದರು. ಅವರಿಗೇ ಕಣ್ಣು ತುಂಬಿತು.

"ಕರ್ತನೇ, ಈ ಶಾಲೆಗೆ ನೀನು ಕೊಟ್ಟ ಮಗಳು ಹೊರಟು ನಿಂತಿದ್ದಾಳೆ. ಅವಳು ಇಲ್ಲೇ ಉಳಿಯಬೇಕು. ಅವಳ ಕೆಲಸಕ್ಕೆ ಅಡ್ಡ ನಿಂತಿರುವುದು ಯಾವುದೇ ಇರಲಿ, ಅದನ್ನು ಕಿತ್ತು ಆಚೆಗೆ ಹಾಕು..."

ಉಸಿರು ತೆಗೆದುಕೊಳ್ಳಲು ನಿಂತರು.

"ಆಮೆನ್!"

ಇಡೀ ಶಾಲೆ ಒಂದೇ ಕೊರಳಲ್ಲಿ ಕೂಗಿತು. ಪ್ರಾರ್ಥನೆಯಲ್ಲಿ ಅಧ್ಯಕ್ಷರು ಉಸಿರಿಗೆ ನಿಂತದ್ದನ್ನೇ ಕಂಡಿರದ ಮಕ್ಕಳು ಮುಗಿಯಿತೆಂದೇ ತಿಳಿದು, ಮತ್ತೆ ಶುರುವಾಗುವ ಮೊದಲೇ ಎದ್ದು ತರಗತಿಗಳಿಗೆ ಓಡಿದರು. ಮೇಷ್ಟ್ರುಗಳು ಮಕ್ಕಳನ್ನು ಹಿಡಿಯುವ ನೆಪದಲ್ಲಿ ಅವರ ಹಿಂದೆಯೇ ಓಡಿದರು. ಪಕ್ಕದಲ್ಲಿದ್ದ ಪಾದ್ರಿಗಳೂ 'ಆಮೆನ್' ಎಂದು ಸರಿದುಹೋದದ್ದು ಅಧ್ಯಕ್ಷರ ಕಿವಿಗೆ ಬಿದ್ದಿತು.

ಅವರು ಕಣ್ಣು ತೆರೆದರು. ಖಾಲಿ ಅಂಗಳ. ಎದುರಿಗೆ ಹೆಡ್‌ಮಿಸ್, ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಭುಜ ಕುಣಿಯುವಷ್ಟು ನಗುತ್ತಿದ್ದರು. ಆಡಿದ ಮಾತನ್ನು ಅಧ್ಯಕ್ಷರು ಮನಸ್ಸಿನಲ್ಲೇ ಇನ್ನೊಮ್ಮೆ ಆಡಿ ನೋಡಿದರು. ಅಡ್ಡ ನಿಂತಿರುವುದು. ಅಂಗಳದ ನಡುವೆ, ಸ್ಟೂಲಿನ ಮೇಲೆ ನಿಂತಿದ್ದವರು ಇನ್ಯಾರು?

"ನಾನೇನಮ್ಮಾ ಅದು?"

"ದೇವರಾಣೆಗೂ ನಾನು ಹೇಳಿಲ್ಲ, ಅಂಕಲ್."

"ನೀನು ಹೇಳಲಿಲ್ಲ. ನಾನೇ ಹೇಳ್ದೆ, ಮಕ್ಕಳು ಸಹಿ ಹಾಕಿದ್ರು" ಎಂದು ಅವರು ಮೆಲ್ಲಗೆ ಕೆಳಗಿಳಿದರು. "ಕುರ್ಚಿ ಬಿಟ್ಟುಬಿಡ್ಲಾ? ನೀನು ಉಳೀತೀಯಾ?"

ಹೆಡ್‌ಮಿಸ್ ನಗು ನಿಲ್ಲಿಸಿ ಅವರ ಮುಖ ನೋಡಿದರು. "ಕುರ್ಚಿ ಇರಲಿ ಅಂಕಲ್. ಸ್ಟೂಲು ಬಿಡಿ ಸಾಕು. ನಾನೆಲ್ಲೂ ಹೋಗಲ್ಲ."

ಸ್ಟೂಲನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದ ಗಂಡನನ್ನು ಕಂಡು ಹೆಂಡತಿ ಕೇಳಿದರು, "ಏನ್ರೀ, ದೇವರು ಪ್ರಾರ್ಥನೆ ಕೇಳಿದನಾ?"

"ಪೂರ್ತಿ ಕೇಳೋ ಮೊದಲೇ ನಡೆಸಿಕೊಟ್ಟ ಕಣೇ. ಅವನಿಗೂ ಸಾಕಾಗಿತ್ತೇನೋ!"

ಮುಂದಿನ ಸೋಮವಾರ ಹೆಡ್‌ಮಿಸ್ ಪ್ರಾರ್ಥನೆ ಮಾಡಿದರು. ಅಧ್ಯಕ್ಷರು ಎಲ್ಲರ ಹಿಂದೆ, ಅಂಗಳಕ್ಕೆ ತರಿಸಿಕೊಂಡ ತೊಟ್ಟಿಲು ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರು. ನಾಲ್ಕು ಮಾತು ಕೇಳುವಷ್ಟರಲ್ಲಿ ಸೊಂಟ ಹಿಡಿಯಿತು, ಮೂಗಿನ ಮೇಲೆ ನೊಣ ಕೂತಿತು. ಅಯ್ಯೋ, ಈ ಮಕ್ಕಳು ಇಷ್ಟು ವರ್ಷ ಹೇಗೆ ತಡೆದುಕೊಂಡವೋ ಎಂದು ಅವರಿಗೆ ಮರುಕ ಹುಟ್ಟಿತು. ಅಷ್ಟರಲ್ಲಿ ಹೆಡ್‌ಮಿಸ್ ಒಂದು ಉಸಿರು ತೆಗೆದುಕೊಳ್ಳಲು ನಿಂತರು.

"ಆಮೆನ್!" ಎಂದು ಹಿಂದಿನಿಂದ ಒಂದೇ ಒಂದು ಮುದಿ ದನಿ ಕೂಗಿತು.