ಜೋಡಿ ಡಿಸ್ಕು, ಅಗಲ ಬಾಯಿಯ ವೈರು

ನಮ್ಮ ಮನೆಯಲ್ಲಿ ಊರವರ ಮದುವೆಗಳೆಲ್ಲ ಅಂಗೈಯಗಲದ ಕಪ್ಪು ಡಬ್ಬಿಗಳಲ್ಲಿವೆ. ನಮ್ಮ ಯಜಮಾನರದು ಕೊಡಿಗೇನಹಳ್ಳಿಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಮನೆ. ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಕರೆದ ಕಡೆಗೆಲ್ಲ ಹೋಗಿ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆಯುತ್ತಾರೆ. ತೆಗೆದದ್ದನ್ನು ಕ್ಯಾಮೆರಾದ ಕಾರ್ಡಿನಿಂದ ಹಾರ್ಡ್ ಡಿಸ್ಕಿಗೆ ಹಾಕಿ, ಕಾರ್ಡು ಖಾಲಿ ಮಾಡಿಕೊಂಡು ಮುಂದಿನ ಮದುವೆಗೆ ಹೊರಡುತ್ತಾರೆ. ಹಾಗಾಗಿ ಡಿಸ್ಕು ಕೆಟ್ಟರೆ ಯಾರದೋ ಒಂದು ಮದುವೆಯೇ ಹೋದಂತೆ. ಮದುವೆ ಆಗಿರುತ್ತದೆ, ನಿಜ. ತೋರಿಸಲಿಕ್ಕೆ ಮಾತ್ರ ಏನೂ ಇರುವುದಿಲ್ಲ.

ಒಮ್ಮೆ ಹಾಗಾಗಿತ್ತು ಕೂಡ. ಅಗ್ಗಕ್ಕೆ ಸಿಗುತ್ತದೆಂದು ಮೊಬೈಲಿನಲ್ಲಿ ನೋಡಿ ಒಂದು ಡಿಸ್ಕು ತರಿಸಿದ್ದರು. ಊರಿನ ಮದುವೆಗಳನ್ನೆಲ್ಲ ತುಂಬಿದರೂ ಜಾಗ ಮಿಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಕೊಳಾಲದ ಕಡೆಯ ಒಂದು ನಾಮಕರಣವನ್ನು ಅದರಲ್ಲಿ ಹಾಕಿಟ್ಟರು. ತಿಂಗಳು ಬಿಟ್ಟು ತೆಗೆದರೆ ಹೆಸರುಗಳೆಲ್ಲ ಸಾಲಾಗಿ ಕಾಣುತ್ತಿವೆ, ಒಂದೂ ತೆರೆಯುವುದಿಲ್ಲ. ಜೊಳ್ಳು ರಾಗಿಯ ಹಾಗೆ, ಮೇಲೆ ಸಿಪ್ಪೆ, ಒಳಗೆ ಕಾಳಿಲ್ಲ. ಯಜಮಾನರು ಎರಡು ದಿನ ಊಟ ಬಿಟ್ಟರು. ಮಗುವಿನ ಅಜ್ಜಿ ಬಂದಾಗ ನಾನೇ ತಲೆ ತಗ್ಗಿಸಿಕೊಂಡು ಹೇಳಿದೆ. ಆಯಮ್ಮ, "ಹೋಗ್ಲಿ ಬುಡವ್ವ, ಮಗ ಐತಲ್ಲ" ಎಂದು ನಕ್ಕು ಎದ್ದುಹೋದರು. ಅಂಥ ಬಾಯಿಗೆ ಸಕ್ಕರೆ ಹಾಕಬೇಕು. ಅವತ್ತು ಬೈದಿದ್ದರೆ ಕೇಳಿಸಿಕೊಳ್ಳುವುದಷ್ಟೇ ನಮ್ಮ ಪಾಲಿಗಿತ್ತು.

ಆಮೇಲೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಹಿಡಿದು ಕೊಳ್ಳೋಣ ಎಂದು ಸಿರಾಕ್ಕೆ ಹೋದೆವು. ನನ್ನ ತವರು ಆ ಕಡೆಯೇ. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ಒಬ್ಬ ಭಾಯಿ ಇದ್ದಾರೆ, ಗಡ್ಡ ಬೆಳ್ಳಗಾದ ನಿಧಾನಸ್ಥರು. ಕಂಪನಿಯ ಹೊಸ ಡಿಸ್ಕಿನ ರೇಟು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ಅವರು ಕೆಳಗಿನಿಂದ ಬೇರೆ ತೆಗೆದರು.

"ಇದು ನೋಡಿ. ಹಳೇ ಲ್ಯಾಪ್‌ಟಾಪಿಂದು ಒಳಗಿನ ಮಾಲು, ಹೊಸ ಡಬ್ಬಿ. ಮಾಲು ಪಕ್ಕಾ. ಗ್ಯಾರಂಟಿ ಮಾತ್ರ ಕೇಳ್ಬ್ಯಾಡಿ."

ನಾನು ಒಂದನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

"ಅರೇ ಅರೇ ಅಮ್ಮಾ! ತೆಂಗಿನಕಾಯಲ್ಲ ಅದು!" ಎಂದು ಭಾಯಿ ಕೌಂಟರಿನಿಂದ ಎರಡೂ ಕೈ ಚಾಚಿದರು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರೇ ಆಮೇಲೆ ವೈರು ಹಾಕಿ, ಡಿಸ್ಕು ತಿರುಗುವಾಗ ನನ್ನ ಕಿವಿಗೆ ಹಿಡಿದರು. "ಈಗ ಕೇಳಿ. ನುಣ್ಣಗೆ ಗುಂಯ್ ಅಂದ್ರೆ ಒಳ್ಳೇದು. ಟಕ್ ಟಕ್ ಅಂದ್ರೆ ತಕ್ಷಣ ಕಿತ್ಬಿಡಿ, ಮತ್ತೆ ಮತ್ತೆ ಹಾಕ್ಬ್ಯಾಡಿ." ಹಾಲು ಉಕ್ಕುವ ಮುಂಚಿನ ಸದ್ದನ್ನು ಹೊರಗಿನ ಕೋಣೆಯಿಂದ ಹಿಡಿಯುವವಳು ನಾನು, ಅದೊಂದು ಪಾಠ ಮನಸ್ಸಿನಲ್ಲಿ ಕೂತಿತು.

ಯಜಮಾನರು ಒಂದಕ್ಕೆ ದುಡ್ಡು ತೆಗೆದರು. ನಾನು ಎರಡು ಕೊಳ್ಳಿ ಎಂದೆ.

"ಯಾಕೆ? ಇದೇನು ವೀಳ್ಯದೆಲೆನಾ, ಜೋಡಿ ತಕಳಕೆ?"

"ಮದುವೆ ಇಡೋ ಡಬ್ಬಿ ಅಲ್ವೇನ್ರೀ? ಮದುವೆ ಮನೆಗೆ ಯಾರಾದ್ರೂ ಒಂಟಿ ಬಾಳೆಹಣ್ಣು ತಕಂಡ್ ಹೋಗ್ತಾರಾ?"

ಭಾಯಿ ನನ್ನ ಕಡೆ ಸೇರಿಬಿಟ್ಟರು. "ಸಾರ್, ಅಮ್ಮ ಹೇಳಿದ್ದು ಕರೆಕ್ಟು. ಅಗ್ಗದ್ದು ಒಂದು ತಗಂಡ್ರೆ ಭಯ. ಎರಡು ತಗಂಡ್ರೆ ನಿದ್ದೆ." ಅವರು ವ್ಯಾಪಾರಕ್ಕೆ ಹೇಳಿದರೋ, ಮನಸ್ಸಿಟ್ಟು ಹೇಳಿದರೋ, ದೇವರಿಗೇ ಗೊತ್ತು. ಎರಡು ತಂದೆವು.

ಅಂದಿನಿಂದ ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲೂ ಇರಬೇಕೆಂದು ನಾನೇ ನೇಮ ಮಾಡಿಕೊಂಡೆ. ಯಜಮಾನರಿಗೆ ಪುರಸೊತ್ತಿಲ್ಲ, ನಕಲು ಮಾಡುವುದನ್ನು ನನಗೆ ಕಲಿಸಿದರು. ಅಡುಗೆ ಮುಗಿಸಿ, ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಒಂದನೆಯ ಡಿಸ್ಕು ಸ್ಟುಡಿಯೋದಲ್ಲಿ. ಎರಡನೆಯದಕ್ಕೆ ಕುಂಕುಮ ಇಟ್ಟು, ಅದರ ವೈರನ್ನು ಅದಕ್ಕೇ ಸುತ್ತಿ, ಅರಿಶಿನದ ದಾರದಲ್ಲಿ ಕಟ್ಟಿ ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದೆ. ಅಲ್ಲಿ ಇಲಿ ಬರುವುದಿಲ್ಲ, ನೀರು ತಾಗುವುದಿಲ್ಲ, ಸುಮ್ಮಸುಮ್ಮನೆ ಯಾರೂ ಮುಟ್ಟುವುದಿಲ್ಲ. ಗೂಡಿನಲ್ಲಿ ಕೂತ ದೇವಿತಾಯಿ ನೋಡಿಕೊಳ್ಳುತ್ತಾಳೆ ಎಂದು ನನಗೆ ನಿಶ್ಚಿಂತೆ. ಯಾರೂ ಮುಟ್ಟದ ಜಾಗದಲ್ಲಿ ಇಟ್ಟರೆ ನಾನೂ ಮುಟ್ಟಲಾಗದ ದಿನಗಳಿವೆ ಎಂಬುದು ಆಗ ಹೊಳೆಯಲಿಲ್ಲ.

ಪಾವಗಡದ ಕಡೆಯ ಒಂದು ಮದುವೆ. ಹೆಣ್ಣಿನ ಕೋಣೆಯ ಚಿತ್ರಗಳಿಗೆ ನಾನೂ ಕೆಲವೊಮ್ಮೆ ಜೊತೆಗೆ ಹೋಗುತ್ತೇನೆ, ಹುಡುಗಿಯರಿಗೆ ಸಂಕೋಚವಾಗುವುದಿಲ್ಲ. ಅವತ್ತೂ ಹೋಗಿದ್ದೆ. ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇದೆ ಎನ್ನುವಾಗ ಮುಟ್ಟಾದೆ. ಮಂಟಪದ ಹತ್ತಿರ ಸುಳಿಯಬಾರದೆಂದು ಛತ್ರದ ಹಿಂದುಗಡೆ, ಅಡುಗೆಯವರು ಪಾತ್ರೆ ತೊಳೆಯುವ ಜಾಗಕ್ಕೆ ಬಂದು ಕೂತೆ. ಅಲ್ಲಿ ಮೊದಲೇ ಒಬ್ಬರು ಬೋರಲು ಹಾಕಿದ ಕೊಳಗದ ಮೇಲೆ ಕೂತಿದ್ದರು. ಹೊಸ ಸೀರೆ, ಬರಿ ಹಣೆ.

"ನೀನು ಫೋಟೋದವರ ಹೆಂಡ್ತಿ ಅಲ್ವೇನಮ್ಮ? ಒಳಗೆ ಹೋಗಲ್ವಾ?"

"ಈಗ್ಲೇ ಹೊರಗಾದೆ ಕಣಮ್ಮ. ನೀವು?"

"ನಾನು ಹುಡುಗಿ ತಾಯಿ."

ಅವರೇ ತೆಲುಗು ಬೆರೆತ ಮಾತಿನಲ್ಲಿ ಹೇಳಿದರು: "ಅವ್ರಪ್ಪ ಹೋಗಿ ಆರು ವರ್ಷ ಆಯ್ತು ತಲ್ಲೀ. ನಮ್ಮ ಮೈದುನ, ಅವನ ಹೆಂಡ್ತಿ ಧಾರೆ ಎರೀತಾವ್ರೆ. ಬರಬ್ಯಾಡ ಅಂತ ಯಾರೂ ಅನ್ಲಿಲ್ಲ. ನಾನೇ ಬಂದ್ಬುಟ್ಟೆ. ನಾಳೆ ಏನಾರ ಒಂದು ಆದ್ರೆ, ಅವ್ಳು ಎದುರಿಗೆ ನಿಂತಿದ್ಳು ಅಂತಾರೆ. ಆ ಮಾತು ಯಾಕೆ? ಅಂತೇ ಕದಾ?"

ಅಕ್ಷತೆ ಹಂಚುತ್ತ ಬಂದ ಹುಡುಗಿಯೊಬ್ಬಳು ನಮ್ಮಿಬ್ಬರನ್ನು ಸರಿಯಾಗಿ ನೋಡದೆ ಇಬ್ಬರ ಕೈಗೂ ಒಂದೊಂದು ಹಿಡಿ ಸುರಿದು ಓಡಿದಳು. ಅಷ್ಟರಲ್ಲಿ ಗಟ್ಟಿಮೇಳ ಎಂದು ಕೂಗಿದರು, ವಾದ್ಯ ಜೋರಾಯಿತು. ನಾವಿಬ್ಬರೂ ಕೈಯಲ್ಲಿ ಅಕ್ಕಿ ಹಿಡಿದು ಗೋಡೆ ನೋಡುತ್ತ ನಿಂತಿದ್ದೆವು. ನಾನು ನನ್ನದನ್ನು ಅಲ್ಲೇ ಇದ್ದ ಕರಿಬೇವಿನ ಗಿಡದ ಬುಡಕ್ಕೆ ಹಾಕಿದೆ. ಅವರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಈಡಿಯೋದಾಗೆ ಕಾಣ್ತೈತಾ? ತಾಳಿ ಕಟ್ಟಾದು?"

"ಕಾಣ್ತೈತೆ ಕಣಮ್ಮ. ಎಲ್ಲಾರಿಗಿಂತ ಮುಂಚೆ ನಿಮಗೇ ತೋರಿಸ್ತೀನಿ" ಎಂದು ಮಾತು ಕೊಟ್ಟೆ.

ಮನೆಗೆ ಬಂದ ಯಜಮಾನರು ಮದುವೆಯನ್ನು ಒಂದನೆಯ ಡಿಸ್ಕಿಗೆ ಹಾಕಿದರು. "ಇನ್ನೊಂದಕ್ಕೆ ನೀನು ನೀರು ಹಾಕ್ಕಂಡ ಮ್ಯಾಲೆ ನಕಲು ಮಾಡ್ಕ" ಎಂದು ಹೇಳಿ, ಕಾರ್ಡುಗಳನ್ನು ಖಾಲಿ ಮಾಡಿಕೊಂಡು ಮಾರನೆಯ ದಿನ ಸಿದ್ದರಬೆಟ್ಟದ ತಪ್ಪಲಿನ ಊರೊಂದಕ್ಕೆ ಗೃಹಪ್ರವೇಶಕ್ಕೆ ಹೋದರು. ನಮ್ಮದು ಸಣ್ಣ ಸಂಸಾರ. ಆ ದಿನಗಳಲ್ಲೂ ಅಡುಗೆ ನಾನೇ ಮಾಡುತ್ತೇನೆ. ದೇವರ ಮನೆಗೆ ಮಾತ್ರ ಕಾಲಿಡುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಆ ತಾಯಿ ನಿಂತಿದ್ದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರ ತುಂಬ ಕಜ್ಜಾಯ. "ಹಿಂದೂಪುರದ ಬಸ್ಸಿಗೆ ಹೊಂಟಿದ್ದೆ ತಲ್ಲೀ. ಮನ್ಸು ತಡೀಲಿಲ್ಲ, ಇಲ್ಲೇ ಇಳ್ಕಂಡ್ಬುಟ್ಟೆ. ನಾಲ್ಕು ಗಂಟೆ ಬಸ್ಸಿಗೆ ಹೋಗ್ತೀನಿ. ಅದೊಂದೇ ಒಂದು ತೋರ್ಸಮ್ಮ."

ಕೂರಿಸಿ ನೀರು ಕೊಟ್ಟು ಡಿಸ್ಕು ಹಾಕಿದೆ. ದೀಪ ಹತ್ತಿತು, ಆರಿತು. ಒಳಗಿಂದ ಟಕ್, ಟಕ್, ಟಕ್.

ತಕ್ಷಣ ವೈರು ಕಿತ್ತುಬಿಟ್ಟೆ. ಕಾರ್ಡು ಖಾಲಿ. ಎರಡನೆಯದರಲ್ಲಿ ಈ ಮದುವೆ ಇಲ್ಲ. ಮೂರು ದಿನ ಕಾದರೆ ಏನು ಮುಳುಗುತ್ತದೆ ಎಂದುಕೊಂಡಿದ್ದೆನಲ್ಲ! ಯಜಮಾನರ ಫೋನು ಹೋಗುತ್ತಿಲ್ಲ. ಬೆಟ್ಟದ ಕಡೆ ನೆಟ್‌ವರ್ಕ್ ಹಾಗೆಯೇ. ಆಯಮ್ಮ ನನ್ನ ಮುಖ ನೋಡುತ್ತಿದ್ದಾರೆ. ಸಿರಾದ ಭಾಯಿಯ ನಂಬರು ಬಿಲ್ಲಿನ ಮೇಲಿತ್ತು. ಮಾಡಿದೆ.

"ಕಿತ್ರಾ? ಶಾಬಾಷ್. ಕೇಳಿ ಅಮ್ಮಾ, ಆ ಡಬ್ಬಿ ಜೊತೆ ಬರೋ ವೈರೇ ವೀಕು. ವೈರು ಸಡ್ಲಾದ್ರೆ ಕರೆಂಟ್ ಸಾಲಲ್ಲ, ಡಿಸ್ಕು ಅಂಗೇ ಹೊಡ್ಕಂತೈತೆ. ಜೋಡಿ ತಗಂಡಿದ್ರಲ್ಲ? ಇನ್ನೊಂದರ ವೈರು ಹಾಕಿ ಒಂದೇ ಒಂದ್ಸಲ ನೋಡಿ. ಆಗಲೂ ಟಕ್ ಅಂದ್ರೆ ಮುಟ್ಬ್ಯಾಡಿ, ಇಲ್ಲಿಗೆ ತನ್ನಿ."

ಆ ವೈರಿನ ಬಾಯಿ ಮೊಬೈಲಿನ ವೈರಿನ ಹಾಗಲ್ಲ, ಅಗಲ. ಮನೆಯಲ್ಲಿ ಅಂಥದ್ದು ಇನ್ನೊಂದೇ ಇದ್ದದ್ದು, ದೇವರ ಮನೆಯ ಗೂಡಿನಲ್ಲಿ.

ಆಯಮ್ಮನಿಗೆ ವಿಷಯ ಹೇಳಿ, "ನಾನು ಹೋಗಂಗಿಲ್ಲ, ನೀವೇ ತಕ್ಕೊಡಿ" ಎಂದೆ.

"ನಾನಾ? ಅರಿಶಿನದ ದಾರ ಕಟ್ಟಿವ್ನಿ ಅಂತೀಯ. ಅದನ್ನ ನಾನು ಬಿಚ್ಚಾದಾ? ಬ್ಯಾಡ ತಲ್ಲೀ. ನೀನೇ ಹೋಗು, ದೇವ್ರೇನೂ ಅನ್ಕಣಲ್ಲ."

"ನಿಮಗೂ ಏನೂ ಅನ್ಕಣಲ್ಲ ಕಣಮ್ಮ."

"ನಿಂದು ನಾಳೆ ನೀರು ಹಾಕ್ಕಂಡ್ರೆ ಹೋಗ್ತೈತೆ. ನಂದು ಎಲ್ಲೋಗ್ತೈತೆ?"

ನಾನು ಪದ್ಧತಿ ಬಿಟ್ಟವಳಲ್ಲ. ಆದರೆ ಆ ಗೂಡಿನಲ್ಲಿ ಕೂತಿರುವ ತಾಯಿ ಈ ತಾಯಿಯನ್ನು ಬಾಗಿಲಾಚೆ ನಿಲ್ಲಿಸುತ್ತಾಳೆಂದು ನನಗೆ ಅನ್ನಿಸಲೇ ಇಲ್ಲ. "ಅದು ನನ್ನ ದೇವರ ಮನೆ. ನಾನೇ ಕರೀತಾ ಇವ್ನಿ. ಬಚ್ಚಲು ಅಲ್ಲೈತೆ, ಕೈಕಾಲು ತೊಳ್ಕಂಡು ಬನ್ನಿ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಹೋದರು. ನಾನು ಹಜಾರದಲ್ಲೇ ನಿಂತಿದ್ದೆ. ಆಮೇಲೆ ಡಿಸ್ಕನ್ನು ಸೆರಗಿನಲ್ಲಿ ಇಟ್ಟುಕೊಂಡು ಹೊರಗೆ ಬಂದರು. ಗಂಟು ಬಿಗಿಯಾಗಿತ್ತು, ಉಗುರಿಗೆ ಸಿಗಲಿಲ್ಲ, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದರು. ತುಟಿಗೆಲ್ಲ ಅರಿಶಿನ ಮೆತ್ತಿಕೊಂಡಿತು.

ಮನಸ್ಸಿನಲ್ಲಿ ತಾಯಿಯನ್ನು ನೆನೆದು ವೈರು ಸಿಕ್ಕಿಸಿ ಕಿವಿ ಇಟ್ಟೆ. ಗುಂಯ್... ನುಣ್ಣಗೆ. ದೀಪ ಹತ್ತಿ ಹಾಗೇ ನಿಂತಿತು. ಫೋಲ್ಡರು ಬಂತು. ನನ್ನ ಕಣ್ಣಲ್ಲಿ ನೀರು ಬಂದದ್ದು ಆಯಮ್ಮನಿಗೆ ಕಾಣದ ಹಾಗೆ ಮುಖ ತಿರುಗಿಸಿದೆ.

"ಇನ್ನೂ ಏನು? ತೋರ್ಸು."

"ತಡೀರಿ, ಮೊದ್ಲು ನಕಲು."

ಕಂಪ್ಯೂಟರಿನಲ್ಲಿ ಜಾಗ ಸ್ವಲ್ಪವೇ ಇತ್ತು. ಧಾರೆಯ ಭಾಗ ಮಾತ್ರ ಅದರೊಳಕ್ಕೆ ನಕಲಿಗೆ ಹಾಕಿದೆ. ಹಸಿರು ಗೆರೆ ತೆವಳುವುದನ್ನು ಇಬ್ಬರೂ ಕಜ್ಜಾಯ ಕೈಯಲ್ಲಿ ಹಿಡಿದು ನೋಡಿದೆವು, ಒಬ್ಬರೂ ತಿನ್ನಲಿಲ್ಲ. ಗೆರೆ ಕೊನೆ ಮುಟ್ಟಿದ ಮೇಲೆ ವಿಡಿಯೋ ಹಚ್ಚಿದೆ.

ವರ ತಾಳಿ ಎತ್ತಿಕೊಂಡ. ಸರಿಯಾಗಿ ಆಗಲೇ ಅವರ ಮೈದುನನ ಬೆನ್ನು ಅಡ್ಡ ಬಂತು.

"ಲೇ, ಪಕ್ಕಕ್ಕೆ ಸರಿಯೋ! ನಿನ್ ಬೆನ್ನು ನೋಡಾಕೆ ಬಂದಿವ್ನಾ ನಾನು?" ಎಂದು ಆಯಮ್ಮ ಗದರಿದರು.

ಯಜಮಾನರು ಒಂದು ಹೆಜ್ಜೆ ಎಡಕ್ಕೆ ಸರಿದಿದ್ದರು, ಪುಣ್ಯಾತ್ಮ. ಬೆನ್ನು ಹೋಗಿ ಮಗಳ ಮುಖ ಬಂತು. ಗಟ್ಟಿಮೇಳ. ಆಯಮ್ಮ ಎದ್ದು ನಿಂತರು, ಸೆರಗಿನ ತುದಿಯ ಗಂಟು ಬಿಚ್ಚಿದರು, ಅವತ್ತಿನ ಅಕ್ಷತೆಯನ್ನು ಮೂರು ಸಲ ಪರದೆಯ ಮೇಲೆ ಹಾಕಿದರು. ಬಾಯಲ್ಲಿ ಏನೋ ಅಂದುಕೊಂಡರು, ನನಗೆ ಕೇಳಲಿಲ್ಲ.

"ಚಾಲು, ಸಾಕು" ಎಂದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, "ಇನ್ನೊಂದ್ಸಲ ಹಾಕ್ತೀಯಾ?" ಎಂದರು. ಆ ಸಲ ಮೈದುನನನ್ನು ಬೈಯಲಿಲ್ಲ; ಎಷ್ಟು ಹೊತ್ತಿಗೆ ಸರಿಯುತ್ತಾನೆಂದು ಗೊತ್ತಿತ್ತು. ನಾಲ್ಕು ಗಂಟೆ ಬಸ್ಸು ಸಿಕ್ಕಿತು.

ಸಂಜೆ ಯಜಮಾನರು ಬಂದು ಕಂಪ್ಯೂಟರಿನ ಮುಂದೆ ಕೂತವರು, "ಏನೇ ಇದು, ಕೀಬೋರ್ಡ್ ತುಂಬಾ ಅಕ್ಕಿ?" ಎಂದರು. ಹೇಳಿದೆ. ಬೈಯಲಿಲ್ಲ; ಕೀಬೋರ್ಡನ್ನು ಮಗುಚಿ ಹಿಡಿದು ಕೊಡವಿದರು. ಒಂದು ಕಾಳು ಮಾತ್ರ ಯಾವುದೋ ಗುಂಡಿಯ ಕೆಳಗೆ ಸೇರಿಕೊಂಡು ಬರಲೇ ಇಲ್ಲ. ಇರಲಿ ಬಿಡಿ ಎಂದೆ.

ಮಾರನೆಯ ದಿನ ನೀರು ಹಾಕಿಕೊಂಡು ಮೊದಲು ತಾಯಿಗೆ ದೀಪ ಹಚ್ಚಿದೆ, ಆಮೇಲೆ ಆ ಮದುವೆಯನ್ನು ಪೂರ್ತಿ ನಕಲು ಮಾಡಿದೆ. ಸಿರಾದಿಂದ ಅಗಲ ಬಾಯಿಯ ವೈರು ತರಿಸಿದೆವು, ಗಟ್ಟಿಯದು, ಎರಡು. ಎರಡನೆಯ ಡಿಸ್ಕಿಗೆ ಈಗಲೂ ಕುಂಕುಮ ಇಡುತ್ತೇನೆ, ಅರಿಶಿನದ ದಾರ ಕಟ್ಟುತ್ತೇನೆ. ಜಾಗ ಮಾತ್ರ ಬದಲಾಗಿದೆ: ಅಡುಗೆಮನೆಯಲ್ಲಿ, ರಾಗಿಹಿಟ್ಟಿನ ಡಬ್ಬಿಯ ಮೇಲಿನ ಹಲಗೆ. ತಿಂಗಳ ಅಷ್ಟೂ ದಿನ ನನ್ನ ಕೈಗೆ ಸಿಗುತ್ತದೆ. ಗಂಟನ್ನೂ ಸಡಿಲವಾಗಿ ಹಾಕುತ್ತೇನೆ, ಯಾರು ಬಂದರೂ ಬಿಚ್ಚಲಿಕ್ಕೆ ಬರುವ ಹಾಗೆ.